ಐದು ತಿಂಗಳ ಬಸುರಿ ಅಮ್ಯೂಸ್‌ಮೆಂಟ್ ಪಾರ್ಕಿಗೆ ಹೋಗಬಹುದೇ? ಬ್ಯಾಗು ಕಾಯುವುದಕ್ಕಾದರೆ ಬೇಡ
ಯಜಮಾನರ ಕಚೇರಿಯವರೆಲ್ಲ ಕುಟುಂಬ ಸಮೇತ ಹೊರಟಿದ್ದಾರೆ, ನಿಮಗೆ ಐದು ತಿಂಗಳು, ಅತ್ತೆಯವರು ಬೇಡ ಎನ್ನುತ್ತಿದ್ದಾರೆ, ಯಾವ ರೈಡ್ ಸುರಕ್ಷಿತ ಎಂದು ಕೇಳಿದ್ದೀರಿ. ಅಷ್ಟೇ ಆಗಿದ್ದರೆ ನಾನು ಓದಿ ಸುಮ್ಮನಾಗುತ್ತಿದ್ದೆ. ಆದರೆ ಕೊನೆಯಲ್ಲಿ ‘ಯಾವುದನ್ನೂ ಹತ್ತದೆ ನೆರಳಿನಲ್ಲಿ ಕುಳಿತಿದ್ದರೆ ಏನೂ ಆಗುವುದಿಲ್ಲ ತಾನೇ?’ ಎಂದು ಬರೆದಿದ್ದೀರಲ್ಲ, ಅದಕ್ಕೆ ಉತ್ತರ ಬರೆಯದಿರಲು ಆಗಲಿಲ್ಲ. ಹಾಗೆ ನೆರಳಿನಲ್ಲಿ ಕುಳಿತಿದ್ದವಳು ನಾನು. ಆ ರಾತ್ರಿ ಕಳೆದದ್ದು ಆಸ್ಪತ್ರೆಯಲ್ಲಿ.

ಆಗ ನನಗೆ ಆರು ತಿಂಗಳು ತುಂಬಿತ್ತು. ಏಪ್ರಿಲ್ ಕೊನೆ, ಮಕ್ಕಳಿಗೆ ರಜೆ. ನಾದಿನಿಯ ಸಂಸಾರ, ಮೈದುನನ ಸಂಸಾರ, ನಾವು, ಎಲ್ಲರೂ ಸೇರಿ ಹಾಸನದಿಂದ ಒಂದು ಟೆಂಪೊ ಟ್ರಾವೆಲರ್ ಮಾಡಿಕೊಂಡು ಬೆಂಗಳೂರಿನ ಹೊರವಲಯದ ಒಂದು ಪಾರ್ಕಿಗೆ ಹೋಗಿದ್ದೆವು. ಯಾವ ಪಾರ್ಕು ಎಂದು ಕೇಳಬೇಡಿ, ಅವರದೇನೂ ತಪ್ಪಿರಲಿಲ್ಲ. ಜೋರಾದ ರೈಡುಗಳ ಮುಂದೆಲ್ಲ ‘ಗರ್ಭಿಣಿಯರಿಗೆ ಪ್ರವೇಶವಿಲ್ಲ’ ಎಂಬ ಫಲಕ ನೇತುಹಾಕಿದ್ದರು. ನನ್ನ ಡಾಕ್ಟರರೂ ‘ಹೋಗಿ ಬನ್ನಿ, ಏನನ್ನೂ ಹತ್ತಬೇಡಿ’ ಎಂದಿದ್ದರು. ಹತ್ತಲಿಲ್ಲ. ನಾದಿನಿಯ ಮಗ ಡ್ಯಾಶಿಂಗ್ ಕಾರಿಗೆ ಬಾ ಅತ್ತೆ ಎಂದು ಸೆರಗು ಹಿಡಿದು ಎಳೆದಾಗಲೂ ಜಗ್ಗಲಿಲ್ಲ. ರೈಡ್ ಹತ್ತದಿದ್ದರೆ ನನ್ನ ಜವಾಬ್ದಾರಿ ಮುಗಿಯಿತು ಎಂದು ನಾನೂ ನಂಬಿದ್ದೆ, ಈಗ ನೀವು ನಂಬಿರುವ ಹಾಗೆ.

ಗೇಟು ದಾಟಿದ ಮೇಲೆ ಲಾಕರ್ ಕೌಂಟರ್ ಬಂತು. ‘ಅತ್ತಿಗೆ ಹೇಗೂ ಕುಳಿತೇ ಇರುತ್ತಾರೆ, ಲಾಕರಿಗೆ ದುಡ್ಡು ಯಾಕೆ ದಂಡ?’ ಎಂದ ಮೈದುನ. ಎಲ್ಲರಿಗೂ ಸರಿ ಎನಿಸಿತು, ನನಗೂ. ಅಲ್ಲಿಂದ ಮುಂದೆ ನನ್ನ ಸುತ್ತ ಗುಡ್ಡೆ ಬೀಳತೊಡಗಿತು. ಪ್ಲಾಸ್ಟಿಕ್ ಕವರಿನಲ್ಲಿ ಎಲ್ಲರ ಮೊಬೈಲುಗಳು. ಕನ್ನಡಕಗಳು. ಒಣಬಟ್ಟೆಯ ಚೀಲಗಳು. ಬೆಂಚಿನ ಕೆಳಗೆ ಸಾಲಾಗಿ ಚಪ್ಪಲಿ. ನೀರಿಗಿಳಿಯುವ ಮೊದಲು ನಾದಿನಿ ಮಾಂಗಲ್ಯದ ಸರ ಬಿಚ್ಚಿ, ಕರವಸ್ತ್ರದಲ್ಲಿ ಸುತ್ತಿ, ನನ್ನ ಪರ್ಸಿನೊಳಗಿನ ಪರ್ಸಿಗೆ ಹಾಕಿ, ಜಿಪ್ ಎಳೆದು, ಮತ್ತೊಮ್ಮೆ ಎಳೆದು ನೋಡಿ ಹೋದಳು. ಹಾಗೆ ಒಪ್ಪಿಸಿ ಹೋದದ್ದನ್ನು ಬೆಂಚಿನ ಮೇಲೆ ಬಿಟ್ಟು ನಾನು ಎಲ್ಲಿಗೆ ಏಳಲಿ?

ನನ್ನ ತಪ್ಪು ನಡೆದದ್ದು ಇಲ್ಲಿಯೇ. ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಏಕೆಂದರೆ ಮಾಡುವಾಗ ಅದು ತಪ್ಪಿನಂತೆ ಕಾಣುವುದೇ ಇಲ್ಲ. ನಾನು ನೀರು ಕುಡಿಯುವುದನ್ನು ನಿಲ್ಲಿಸಿದೆ. ಮರೆತು ಅಲ್ಲ, ಯೋಚಿಸಿ ನಿಲ್ಲಿಸಿದೆ. ತುಂಬಿದ ಬಾಟಲಿ ಪಕ್ಕದಲ್ಲೇ ಇತ್ತು. ಆದರೆ ಆರು ತಿಂಗಳಿನಲ್ಲಿ ಗರ್ಭಕೋಶ ಮೂತ್ರಚೀಲವನ್ನು ಒತ್ತುತ್ತಿರುತ್ತದೆ, ಕುಡಿದ ಸ್ವಲ್ಪ ಹೊತ್ತಿಗೆ ಏಳಲೇಬೇಕು. ಶೌಚಾಲಯ ಇದ್ದದ್ದು ಬಟ್ಟೆ ಬದಲಿಸುವ ಕೋಣೆಗಳ ಆಚೆ. ಒಮ್ಮೆ ಹೋಗಿ ನೋಡಿದ್ದೆ: ಹೆಂಗಸರ ಉದ್ದ ಸಾಲು, ತೊಟ್ಟಿಕ್ಕುವ ನೈಲಾನ್ ಬಟ್ಟೆಗಳು, ಟೈಲ್ಸ್ ಮೇಲೆ ಶಾಂಪೂ ನೊರೆ. ಗೋಡೆ ಹಿಡಿದುಕೊಂಡು ಹೋಗಿ ಗೋಡೆ ಹಿಡಿದುಕೊಂಡು ಬಂದೆ. ಮತ್ತೆ ಹೋಗಬೇಕೆಂದರೆ ಯಾರಾದರೂ ನೀರಿನಿಂದ ಎದ್ದು ಬಂದು ಸಾಮಾನು ಕಾಯಬೇಕು, ಯಾರನ್ನಾದರೂ ಕರೆಯೋಣವೆಂದರೆ ಅವರ ಫೋನುಗಳೆಲ್ಲ ನನ್ನ ಮಡಿಲಿನಲ್ಲಿವೆ. ಆದ್ದರಿಂದ ಲೆಕ್ಕ ಹಾಕಿದೆ: ಕುಡಿದರೆ ತಾನೇ ಹೋಗಬೇಕು? ಬಾಯಾರಿದಾಗ ತುಟಿ ಒದ್ದೆಯಾಗುವಷ್ಟು ಕುಡಿದು ಮುಚ್ಚಳ ಹಾಕಿದೆ. ಆಮೇಲೆ ಒತ್ತಡ ಬಂದಾಗಲೂ ಊಟದ ಹೊತ್ತಿಗೆ ಎಲ್ಲರೂ ಬರುತ್ತಾರಲ್ಲ ಎಂದು ಹಿಡಿದುಕೊಂಡೆ. ನೆರಳೇನೋ ಇತ್ತು, ಆದರೆ ಅದು ತಗಡಿನ ಮಾಡಿನ ನೆರಳು, ಮೇಲಿನಿಂದ ಝಳ ಇಳಿಯುತ್ತಲೇ ಇತ್ತು. ಎದುರಿಗೆ ಅಷ್ಟೊಂದು ನೀರು ಧುಮುಕುತ್ತಿರುವಾಗ ಮೈ ಒಣಗುತ್ತಿದೆ ಎಂದು ಯಾರಿಗೆ ಹೊಳೆಯುತ್ತದೆ?

ಸಂಜೆ ವಾಪಸ್ ಹೊರಟಾಗ ಮಕ್ಕಳು ಕಿಟಕಿ ಸೀಟಿಗೆ ಜಗಳವಾಡಿ, ನನಗೆ ಹಿಂದಿನ ಸೀಟು ಸಿಕ್ಕಿತು. ಕುಣಿಗಲ್ ದಾಟುವ ಹೊತ್ತಿಗೆ ಹೊಟ್ಟೆ ಒಮ್ಮೆ ಬಿಗಿದು ಸಡಿಲವಾಯಿತು. ರಸ್ತೆಯ ಕುಲುಕಾಟ ಎಂದುಕೊಂಡೆ. ಮತ್ತೆ ಬಿಗಿಯಿತು. ಕೈಯಿಟ್ಟು ನೋಡಿದರೆ ಹೊಟ್ಟೆ ಹಲಗೆಯಂತೆ ಗಟ್ಟಿ. ನೋವಿರಲಿಲ್ಲ, ಸೊಂಟದಲ್ಲಿ ಮುಟ್ಟಿನ ದಿನದ ಸೆಳೆತವಿತ್ತು ಅಷ್ಟೆ. ನೋವಿಲ್ಲವಲ್ಲ ಎಂದು ಬಾಯಿ ಬಿಡದೆ ಕುಳಿತೆ. ಕೊನೆಗೆ ನನ್ನ ಮುಖ ನೋಡಿ ನಾದಿನಿಯೇ ಗಾಡಿ ನಿಲ್ಲಿಸಿದಳು.

ಆಸ್ಪತ್ರೆಯಲ್ಲಿ ಹೊಟ್ಟೆಗೆ ಬೆಲ್ಟು ಕಟ್ಟಿ ನೋಡಿದಾಗ ಗರ್ಭಕೋಶ ಸರಿಯಾದ ಅಂತರದಲ್ಲಿ ಬಿಗಿಯುತ್ತಿರುವುದು ಕಾಗದದ ಮೇಲೆ ಏರಿಳಿತವಾಗಿ ಬಂತು. ಮೂತ್ರ ಪರೀಕ್ಷೆಯಲ್ಲಿ ಸೋಂಕು. ಸೋಂಕು ಮೊದಲೇ ಸದ್ದಿಲ್ಲದೆ ಶುರುವಾಗಿದ್ದಿರಬೇಕು, ನೀರು ಕುಡಿಯದೆ ಮೂತ್ರ ಕಟ್ಟಿಕೊಂಡು ಕುಳಿತದ್ದು ಅದಕ್ಕೆ ಗೊಬ್ಬರ ಹಾಕಿತು ಎಂದರು ಡ್ಯೂಟಿ ಡಾಕ್ಟರ್. ಬಸುರಿಯ ಮೈಯಲ್ಲಿ ರಕ್ತದ ಪ್ರಮಾಣ ಹೆಚ್ಚುಕಡಿಮೆ ಒಂದೂವರೆ ಪಟ್ಟಾಗುತ್ತದೆ, ಅದಕ್ಕೆಲ್ಲ ನೀರು ಬೇಕು. ನೀರು ಸಾಲದಿದ್ದರೆ ಗರ್ಭಕೋಶ ಕೆರಳಿ ಬಿಗಿಯತೊಡಗಬಹುದು, ಮೂತ್ರದ ಸೋಂಕೂ ಅದೇ ಕೆಲಸ ಮಾಡಬಲ್ಲದು. ನನಗೆ ಎರಡೂ ಒಟ್ಟಿಗೆ ಆಗಿತ್ತು. 37 ವಾರಕ್ಕೆ ಮೊದಲು ಹುಟ್ಟಿದರೆ ಅವಧಿಪೂರ್ವ ಹೆರಿಗೆ. ನನ್ನದು ಅದಕ್ಕೆ ಎಷ್ಟೋ ಹಿಂದೆ ಇತ್ತು. ಡ್ರಿಪ್, ಆಂಟಿಬಯಾಟಿಕ್, ಜೊತೆಗೆ ಮಗುವಿನ ಶ್ವಾಸಕೋಶ ಬಲಿಯಲೆಂದು ಕೊಡುವ ಸ್ಟೀರಾಯ್ಡ್ ಚುಚ್ಚುಮದ್ದು. ಆ ಚುಚ್ಚುಮದ್ದು ಯಾಕೆಂದು ನರ್ಸ್ ವಿವರಿಸಿದಾಗಲೇ ನನಗೆ ನಿಜವಾಗಿ ಹೆದರಿಕೆಯಾದದ್ದು. ಬೆಳಗಿನ ಹೊತ್ತಿಗೆ ಬಿಗಿತ ನಿಂತಿತು, ಮಗಳು ತುಂಬು ತಿಂಗಳಿಗೇ ಹುಟ್ಟಿದಳು. ಆದರೆ ಉಳಿದ ತಿಂಗಳುಗಳನ್ನು ನಾನು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡೇ ಕಳೆದೆ, ಸೀಮಂತದ ದಿನವೂ.

ಈಗ ನಿಮ್ಮ ವಿಷಯ. ಯಾವ ರೈಡ್ ಎಂಬ ಪ್ರಶ್ನೆಯನ್ನೇ ಬಿಟ್ಟುಬಿಡಿ, ಅದಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ತಟ್ಟನೆ ಹೊರಡುವ, ಗಕ್ಕನೆ ನಿಲ್ಲುವ, ಎತ್ತರದಿಂದ ಬೀಳಿಸುವ, ಹೊಟ್ಟೆಯ ಮೇಲೆ ಕಬ್ಬಿಣದ ಸರಳು ಕೂರುವ ಯಾವುದೂ ಬೇಡ. ಅಂಥ ಜರ್ಕಿಗೆ ಮಾಸು, ಅಂದರೆ ಮಗುವಿಗೆ ಆಹಾರ ಒದಗಿಸುವ ಪ್ಲಾಸೆಂಟಾ, ಗರ್ಭಕೋಶದ ಗೋಡೆಯಿಂದ ಬಿಟ್ಟುಕೊಳ್ಳುವ ಅಪಾಯವಿದೆ. ಡ್ಯಾಶಿಂಗ್ ಕಾರು ಮಕ್ಕಳಾಟದಂತೆ ಕಂಡರೂ ಅದರ ಕೆಲಸವೇ ಡಿಕ್ಕಿ ಹೊಡೆಯುವುದು, ಬೇಡ. ನೀರಿನ ಜಾರುಬಂಡೆ ಬೇಡ, ಕೆಳಗೆ ಬಂದು ನೀರಿಗೆ ಅಪ್ಪಳಿಸುವ ಪೆಟ್ಟು ಸಣ್ಣದಲ್ಲ. ವೇವ್ ಪೂಲಿನಲ್ಲಿ ಅಲೆಗಿಂತ ಪಕ್ಕದವರ ಮೊಣಕೈ ಅಪಾಯ. ಮಕ್ಕಳ ರೈಲು ನಿಧಾನಕ್ಕೆ ಹೋಗುವಂಥದ್ದಾದರೆ, ಗರ್ಭಿಣಿಯರಿಗೆ ನಿಷೇಧದ ಫಲಕ ಇಲ್ಲದಿದ್ದರೆ ಕುಳಿತುಕೊಳ್ಳಿ. ಅಷ್ಟೆ, ಮುಗಿಯಿತು.

ಕೇಳಬೇಕಾದ ಪ್ರಶ್ನೆಗಳು ಬೇರೆ ಇವೆ. ಲಾಕರ್ ತೆಗೆದುಕೊಳ್ಳುತ್ತಾರೆಯೇ? ಇದು ನನ್ನ ಮೊದಲ ಷರತ್ತು, ಜಿಪುಣತನ ಮಾಡಿದರೆ ಮನೆಯಲ್ಲೇ ಇರಿ. ಇಡೀ ದಿನ ನಿಮ್ಮ ಜೊತೆ ಒಬ್ಬರು ಇರುತ್ತಾರೆಯೇ? ‘ಆಗಾಗ ಬಂದು ನೋಡುತ್ತೇನೆ’ ಎನ್ನುವುದು ಇರುವುದಲ್ಲ. ನೀರಿನ ಭಾಗಕ್ಕೆ ಹೋಗದೆಯೇ ಸಿಗುವ ಒಣ ಶೌಚಾಲಯ ಎಲ್ಲಿದೆ? ಒಳಗೆ ಹೋದ ತಕ್ಷಣ ಅದನ್ನು ಹುಡುಕಿ, ಅದರ ಹತ್ತಿರ ಕುಳಿತುಕೊಳ್ಳಿ. ನಿಮ್ಮ ಯಜಮಾನರಿಗೆ ಅಲೆಗಳ ದೃಶ್ಯ ಬೇಕಾದರೆ ಅವರು ನೋಡಿಕೊಳ್ಳಲಿ. ಸಾಧಾರಣ ದಿನಗಳಲ್ಲೇ ಬಸುರಿಗೆ ಎರಡರಿಂದ ಮೂರು ಲೀಟರ್ ನೀರು ಬೇಕು, ಬಿಸಿಲಿನ ದಿನ ಇನ್ನೂ ಹೆಚ್ಚು. ಗಂಟೆಗೊಮ್ಮೆ ಮೊಬೈಲಿನಲ್ಲಿ ಅಲಾರಂ ಇಟ್ಟು ಕುಡಿಯಿರಿ. ಬಾಯಾರಿಕೆಯನ್ನು ನಂಬಬೇಡಿ, ಮೂತ್ರದ ಬಣ್ಣ ನೋಡಿ. ಗಾಢ ಹಳದಿಯಾದರೆ ನೀವು ಹಿಂದೆ ಬಿದ್ದಿದ್ದೀರಿ ಎಂದರ್ಥ. ಹೊರಗಿನ ತಿಂಡಿಯನ್ನು ಗೇಟಿನಲ್ಲಿ ತಡೆಯುವ ಪಾರ್ಕುಗಳಿವೆ, ಟಿಕೆಟ್ ಕೊಳ್ಳುವ ಮೊದಲೇ ಫೋನ್ ಮಾಡಿ ಗರ್ಭಿಣಿ ಎಂದು ಹೇಳಿ ಕೇಳಿ. ಕತ್ತರಿಸಿಟ್ಟ ಹಣ್ಣು, ಐಸ್ ಹಾಕಿದ ಜ್ಯೂಸ್ ಕಡೆ ತಲೆ ಹಾಕಬೇಡಿ. ಗಾಡಿಯಲ್ಲಿ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ಸೀಟು ನಿಮ್ಮದು, ಯಾವ ಮಗು ಅತ್ತರೂ ಸರಿ.

ತಾಯಿ ಕಾರ್ಡ್ ಪರ್ಸಿನಲ್ಲಿರಲಿ, 108 ನೆನಪಿರಲಿ. ಹೊಟ್ಟೆ ಒಂದು ಗಂಟೆಯಲ್ಲಿ 4 ಸಲಕ್ಕಿಂತ ಹೆಚ್ಚು ಬಿಗಿದರೆ, ರಕ್ತ ಅಥವಾ ನೀರು ಹೋದರೆ, ಮಗುವಿನ ಅಲುಗಾಟ ಕಡಿಮೆಯಾದರೆ, ನೋವಿಲ್ಲ ಎಂದು ಕಾಯಬೇಡಿ. ಮಾಸು ಕೆಳಗಿದೆ, ಅವಳಿ ಮಕ್ಕಳಿವೆ, ಗರ್ಭಕೋಶದ ಬಾಯಿಗೆ ಹೊಲಿಗೆ ಹಾಕಿದ್ದಾರೆ, ಮೊದಲು ರಕ್ತಸ್ರಾವವಾಗಿತ್ತು, ಇವುಗಳಲ್ಲಿ ಒಂದಿದ್ದರೂ ಈ ಉತ್ತರವನ್ನು ಇಲ್ಲಿಗೇ ಬಿಟ್ಟು ಮನೆಯಲ್ಲೇ ಇರಿ. ಡಾಕ್ಟರರನ್ನು ಕೇಳುವಾಗಲೂ ‘ಹೋಗಬಹುದೇ’ ಎಂದು ಕೇಳಬೇಡಿ, ‘ಎಂಟು ಗಂಟೆ ಬಿಸಿಲಿನಲ್ಲಿ ಇರುತ್ತೇನೆ, ಇಷ್ಟು ದೂರದ ಪ್ರಯಾಣ’ ಎಂದು ಬಿಡಿಸಿ ಹೇಳಿ. ನಾನು ಬಿಡಿಸಿ ಹೇಳಿರಲಿಲ್ಲ.

ಅತ್ತೆಯವರಿಗೆ ಏನು ಹೇಳಲಿ ಎಂದೂ ಕೇಳಿದ್ದೀರಿ. ದೃಷ್ಟಿಯಾಗುತ್ತದೆ ಎಂಬ ಅವರ ಕಾರಣವನ್ನು ನಾನು ಒಪ್ಪುವುದಿಲ್ಲ, ಆದರೆ ನಿಮ್ಮ ಯಜಮಾನರ ಕಚೇರಿಯವರೆಲ್ಲರಿಗಿಂತ ಅವರಿಗೇ ನಿಮ್ಮ ಚಿಂತೆ ಹೆಚ್ಚಿರುವಂತೆ ಕಾಣುತ್ತದೆ. ವಾದ ಮಾಡಬೇಡಿ, ಅವರನ್ನೂ ಕರೆದುಕೊಂಡು ಹೋಗಿ. ‘ನೀವು ಜೊತೆಗಿದ್ದರೆ ಮಾತ್ರ ಹೋಗುತ್ತೇನೆ ಅತ್ತೆ’ ಎಂದು ನೋಡಿ, ಇಡೀ ದಿನ ಪಕ್ಕದಲ್ಲಿ ಕುಳಿತು ನೀರು ಕುಡಿಸುವವರು ಅವರಿಗಿಂತ ಬೇರೆ ಸಿಗುವುದಿಲ್ಲ. ಆಧಾರ್ ಕಾರ್ಡ್ ತೆಗೆದುಕೊಳ್ಳಲು ಹೇಳಿ, ಹಿರಿಯ ನಾಗರಿಕರಿಗೆ ಟಿಕೆಟಿನಲ್ಲಿ ರಿಯಾಯಿತಿ ಕೊಡುವ ಪಾರ್ಕುಗಳಿವೆ.