ತಂದೆಯವರ ಮನೆಯಲ್ಲಿ ಒಟ್ಟಿಗೆ ನೆಲೆಸುವ ಮುನ್ನ ಖಾತೆಯನ್ನು ನನ್ನ ಹೆಸರಿಗೆ ಮಾಡಿಸಿಕೊಳ್ಳಬೇಕೆ?

ತಂದೆಯವರು ಸ್ವಂತ ದುಡಿಮೆಯಿಂದ ಕಟ್ಟಿಸಿದ ಮನೆಗೆ ನೀವು ಹೆಂಡತಿ ಮಕ್ಕಳೊಡನೆ ಬಂದು ನೆಲೆಸಲಿದ್ದೀರಿ. ಅದನ್ನು ಈಗಲೇ ದಾನಪತ್ರ ಮಾಡಿ ನಿಮಗೆ ಕೊಡುವುದಾಗಿ ಅವರು ಹೇಳುತ್ತಿದ್ದಾರೆ, ಒಪ್ಪಬಹುದೇ ಎಂದು ಕೇಳಿದ್ದೀರಿ. ಖಂಡಿತ ಒಟ್ಟಿಗೆ ಇರಿ, ಆದರೆ ಅವರ ಜೀವಿತಾವಧಿಯಲ್ಲಿ ಮನೆ ಅವರ ಹೆಸರಿನಲ್ಲಿಯೇ ಇರಲಿ.

ಮೂರು ತಲೆಮಾರು ಒಟ್ಟಿಗಿರುವ ಮನೆಯ ಸೊಸೆಯಾಗಿ ಈ ಮಾತು ಹೇಳುತ್ತಿದ್ದೇನೆ. ವರ್ಷಕ್ಕೊಮ್ಮೆ ಕಂದಾಯ ಕಟ್ಟಿ, ಆ ರಸೀದಿಯನ್ನು ಹಳೆಯ ರಸೀದಿಗಳ ಕಟ್ಟಿಗೆ ಸೇರಿಸಿ, ದಾರ ಬಿಗಿದು ಬೀರುವಿನಲ್ಲಿಡುವ ಕೆಲಸವನ್ನು ನಮ್ಮ ಮಾವನವರು ಇಂದಿಗೂ ಯಾರಿಗೂ ಬಿಟ್ಟುಕೊಟ್ಟಿಲ್ಲ. ಊರಿನಿಂದ ಬಂದ ತಂಗಿಯನ್ನು ನಾಲ್ಕು ದಿನ ಇದ್ದು ಹೋಗು ಎನ್ನಲು ಅವರು ಯಾರ ಮುಖವನ್ನೂ ನೋಡಬೇಕಿಲ್ಲ. ಖಾತೆ ಬದಲಾದ ಮನೆಗಳಲ್ಲಿ ಅಷ್ಟು ಹೇಳುವುದಕ್ಕೂ ಹಿರಿಯರು ಹಿಂದೆಮುಂದೆ ನೋಡುವುದನ್ನು ಕಂಡಿದ್ದೇನೆ, ಅದೂ ಮಗ ಸೊಸೆ ಒಳ್ಳೆಯವರೇ ಆಗಿದ್ದ ಮನೆಗಳಲ್ಲಿ.

ನೋಂದಣಿಯಾದ ದಾನಪತ್ರವನ್ನು ಮನಸ್ಸು ಬದಲಾಯಿತೆಂದು ಹಿಂಪಡೆಯಲು ಸಾಮಾನ್ಯವಾಗಿ ಬರುವುದಿಲ್ಲ. ತಂದೆ ತಾಯಿಯರ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ ಬಂದ 2007ರ ಕಾಯ್ದೆಯ 23ನೇ ಪ್ರಕರಣದಂತೆ, ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಆಸ್ತಿ ಪಡೆದವರು ಮಾತಿಗೆ ತಪ್ಪಿದರೆ ನ್ಯಾಯಮಂಡಳಿಯು ಆ ವರ್ಗಾವಣೆಯನ್ನು ರದ್ದುಪಡಿಸಬಹುದು. ಕರ್ನಾಟಕದಲ್ಲಿ ಈ ಅಧಿಕಾರ ಉಪವಿಭಾಗಾಧಿಕಾರಿಗಳಿಗಿದೆ. ಷರತ್ತನ್ನು ಪತ್ರದಲ್ಲಿ ಬರೆಸದಿದ್ದರೆ, ಅಂಥ ಷರತ್ತಿತ್ತೆಂದು ಸಾಬೀತುಪಡಿಸಲು ಹಿರಿಯರು ಒದ್ದಾಡಬೇಕಾಗುತ್ತದೆ. ಆದ್ದರಿಂದ ತಂದೆಯವರು ದಾನಪತ್ರವೇ ಆಗಬೇಕೆಂದು ಹಟ ಹಿಡಿದರೆ, ತಂದೆ ತಾಯಿ ಇಬ್ಬರ ಊಟ, ಔಷಧ ಮತ್ತು ಕೊನೆಯವರೆಗೂ ಆ ಮನೆಯಲ್ಲಿ ವಾಸಿಸುವ ಹಕ್ಕನ್ನು ಅದರಲ್ಲಿ ಬಿಡಿಸಿ ಬರೆಸುವ ಜವಾಬ್ದಾರಿ ನಿಮ್ಮದು. ಅದಕ್ಕಿಂತ ಉಯಿಲು ಮೇಲು. ಇಬ್ಬರು ಸಾಕ್ಷಿಗಳ ಸಹಿ ಬೇಕು, ನೋಂದಣಿ ಕಡ್ಡಾಯವಲ್ಲ, ಬದುಕಿರುವವರೆಗೆ ಎಷ್ಟು ಸಲ ಬೇಕಾದರೂ ಬದಲಿಸಬಹುದು.

ನಿವೇಶನ ಪಿತ್ರಾರ್ಜಿತವಾಗಿದ್ದರೆ ಮಾತು ಬೇರೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲಿದೆ. ಅಕ್ಕತಂಗಿಯರನ್ನು ಕೂರಿಸಿಕೊಂಡು ಮಾತನಾಡದೆ ಮುಂದುವರಿಯಬೇಡಿ.

ಖಾತೆ ಮಾವನವರ ಹೆಸರಿನಲ್ಲಿದ್ದರೆ ತನ್ನ ಗತಿಯೇನು ಎಂಬ ಆತಂಕ ನಿಮ್ಮ ಪತ್ನಿಗೆ ಇರಬಹುದು. ಮದುವೆಯಾಗಿ ಬಂದಾಗ ನನಗೂ ಇತ್ತು. ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ಸೊಸೆಗಿರುವ ವಾಸದ ಹಕ್ಕು ಅತ್ತೆ ಮಾವಂದಿರ ಹೆಸರಿನ ಮನೆಗೂ ಅನ್ವಯಿಸಬಹುದೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಅದೇ ವರ್ಷ ಬೆಂಗಳೂರಿನ ಪ್ರಕರಣವೊಂದರಲ್ಲಿ, ಹಿರಿಯ ನಾಗರಿಕರ ಕಾಯ್ದೆಯನ್ನು ಮುಂದಿಟ್ಟು ಆ ಹಕ್ಕನ್ನು ಸುಮ್ಮನೆ ಬದಿಗೊತ್ತುವಂತಿಲ್ಲ ಎಂದೂ ಅದು ತೀರ್ಪಿತ್ತಿದೆ. ಇದನ್ನು ಪತ್ನಿಗೆ ಈಗಲೇ ತಿಳಿಸಿ.