ಮಡಿಕೇರಿಯಲ್ಲಿ ಸಲೀಸಾಗಿ ಓಡುವವರು ಈಜು, ಸೈಕಲ್, ಓಟ ಮೂರೂ ಇರುವ ಗೋವಾದ ಐರನ್‌ಮ್ಯಾನ್ 70.3 ಸ್ಪರ್ಧೆಯ ಓಟದಲ್ಲಿ ಯಾಕೆ ಕುಸಿಯುತ್ತಾರೆ?

ಕಾಲಿನ ಕಸುವು ಸಾಲದೆ ಅಲ್ಲ, ಮೈ ಬಿಸಿಯೇರಿ. 1.9 ಕಿ.ಮೀ. ಈಜಿ, 90 ಕಿ.ಮೀ. ಸೈಕಲ್ ತುಳಿದು 21.1 ಕಿ.ಮೀ. ಓಟಕ್ಕೆ ಇಳಿಯುವಾಗ ಬಿಸಿಲು ಏರಿರುತ್ತದೆ. ಮೈ ತಣಿಸಲು ರಕ್ತ ಚರ್ಮದತ್ತ ಹರಿಯುತ್ತದೆ, ಸ್ನಾಯುಗಳ ಪಾಲು ತಗ್ಗುತ್ತದೆ. ಅದೇ ವೇಗಕ್ಕೆ ಹೃದಯ ಇನ್ನೂ ಜೋರಾಗಿ ಬಡಿಯಬೇಕು. ಕಡಲ ತೀರದ ತೇವದ ಗಾಳಿಯಲ್ಲಿ ಬೆವರು ಆರದೆ ತೊಟ್ಟಿಕ್ಕುತ್ತದೆ. ಆರದ ಬೆವರು ತಂಪು ಕೊಡದು.

ಮಡಿಕೇರಿಗಿಂತ ಬೆಚ್ಚಗಿನ ಕುಶಾಲನಗರಕ್ಕೆ ಇಳಿದು ಓಡಿದರೆ ಸಾಕೇ? ಸಾಲದು, ಅಲ್ಲಿ ಕಡಲ ತೇವವಿಲ್ಲ. ಸ್ಪರ್ಧೆಗೆ ಮುಂಚಿನ 10–14 ದಿನ ಕಿಟಕಿ ಮುಚ್ಚಿ, ಫ್ಯಾನ್ ಹಾಕದೆ, ಸೈಕಲ್ಲನ್ನು ಟ್ರೈನರ್‌ಗೆ (ನಿಂತಲ್ಲೇ ತುಳಿಯಲು ಬಿಡುವ ಸ್ಟ್ಯಾಂಡ್) ಸಿಕ್ಕಿಸಿ ದಿನಾ 45–60 ನಿಮಿಷ ಹಗುರವಾಗಿ ತುಳಿಯಿರಿ. ರಕ್ತದ ದ್ರವಾಂಶ ಹೆಚ್ಚಿ, ಬೆವರು ಬೇಗ ಶುರುವಾಗುತ್ತದೆ. ತಲೆ ಸುತ್ತಿದರೆ ಅಲ್ಲಿಗೇ ನಿಲ್ಲಿಸಿ. ಮುಂಚೆ, ಆಮೇಲೆ ತೂಕ ನೋಡಿ: ನೀರು ಕುಡಿಯದೆ ಇಳಿದ 1 ಕೆ.ಜಿ. ಅಂದರೆ ಸುಮಾರು 1 ಲೀಟರ್ ಬೆವರು.

ಚಳಿನಾಡು ನಾರ್ವೆಯವರು ಇಂಥ ಕಾವಿನ ಅಭ್ಯಾಸಕ್ಕೇ ಹೆಸರಾದವರು. ಅಲ್ಲಿನ ಗುಸ್ತಾವ್ ಈಡನ್ 2022ರಲ್ಲಿ ಹವಾಯಿಯ ಕೋನಾದ ಧಗೆಯಲ್ಲಿ, 180 ಕಿ.ಮೀ. ಸೈಕಲ್ ಆದ ಮೇಲೆ, ಮ್ಯಾರಥಾನನ್ನು 2 ಗಂಟೆ 36 ನಿಮಿಷ 15 ಸೆಕೆಂಡಿನಲ್ಲಿ ಮುಗಿಸಿ ಐರನ್‌ಮ್ಯಾನ್ ವಿಶ್ವ ಚಾಂಪಿಯನ್‌ಶಿಪ್ ಗೆದ್ದರು.

ಇಷ್ಟಾದರೂ ಮೊದಲ 5 ಕಿ.ಮೀ. ಮಡಿಕೇರಿಯ ವೇಗ ಬೇಡ, ಕಿ.ಮೀ.ಗೆ 20–30 ಸೆಕೆಂಡು ನಿಧಾನವಾಗಿ ಹೊರಡಿ.