ಅಪ್ಪನಿಗೆ ಹೊಟ್ಟೆ ಕ್ಯಾನ್ಸರ್, ಆಪರೇಷನ್ ಆಗಿ ಕೀಮೋ ನಡೆಯುತ್ತಿದೆ. ನ್ಯೂಟ್ರೋಫಿಲ್ ಸಂಖ್ಯೆಯನ್ನು ಲಿಂಫೋಸೈಟ್‌ನಿಂದ (ಎರಡೂ ಬಿಳಿ ರಕ್ತಕಣದ ಬಗೆಗಳು) ಭಾಗಿಸಿದರೆ 6 ಬಂತು, ಗಾಬರಿಯಾಗಿದೆ. ಎಷ್ಟು ದಿನ ಇರುತ್ತಾರೆ ಅಂತ ಯಾವ ರಕ್ತಪರೀಕ್ಷೆ ಸರಿಯಾಗಿ ಹೇಳುತ್ತದೆ?

ಯಾವುದೂ ಹೇಳುವುದಿಲ್ಲ. ನಾನೂ ಇದನ್ನೇ ಹುಡುಕುತ್ತಾ ರಾತ್ರಿಯೆಲ್ಲ ಮೊಬೈಲ್ ಹಿಡಿದು ಕೂತಿದ್ದವನು.

ನಮ್ಮಪ್ಪನ ಜಠರದ ಮುಕ್ಕಾಲು ಭಾಗ ತೆಗೆದ ಮೇಲೆ ಮೂರು ತಿಂಗಳಿಗೊಮ್ಮೆ ಸಿಇಎ ಅನ್ನುವ ರಕ್ತಪರೀಕ್ಷೆ ಮಾಡಿಸುತ್ತಿದ್ದೆವು. 1.9, 2.1, 1.8. ಐದರೊಳಗಿದ್ದರೆ ನಾರ್ಮಲ್ ಅಲ್ವಾ? ರಿಪೋರ್ಟ್ ಬಂದ ಕೂಡಲೇ ವಾಟ್ಸಾಪ್‌ನಲ್ಲಿ ಮನೆಯವರಿಗೆಲ್ಲ ಕಳಿಸುತ್ತಿದ್ದೆ. ಅತ್ತ ಅಪ್ಪ ಮೊಳೆ ಕಾಯಿಸಿ ಬೆಲ್ಟಿಗೆ ಹೊಸ ತೂತು ಹಾಕಿಕೊಳ್ಳುತ್ತಿದ್ದರು, ಆಮೇಲೆ ಇನ್ನೊಂದು. ಹೊಟ್ಟೆ ಆಪರೇಷನ್ ಆದವರು ಸಣ್ಣಗಾಗುವುದು ಸಹಜ, ರಿಪೋರ್ಟ್ ಚೆನ್ನಾಗಿದೆಯಲ್ಲ, ರಾಗಿ ಕೊಯ್ಲು ಮುಗಿಯಲಿ ಅಂತ ಡಾಕ್ಟರ್ ಬರೆದಿದ್ದ ಸಿಟಿ ಸ್ಕ್ಯಾನನ್ನು ಮುಂದಕ್ಕೆ ಹಾಕಿದವನು ನಾನೇ. ಕೊನೆಗೆ ಮಾಡಿಸಿದಾಗ ಹೊಟ್ಟೆಯ ಒಳಪೊರೆಗೆಲ್ಲ ಹರಡಿತ್ತು. ಸಿಇಎ ಆ ವಾರವೂ 2.3!

ತಪ್ಪು ಎಲ್ಲಾಯಿತು ಅಂತ ಬಿಡಿಸಿ ಹೇಳುತ್ತೇನೆ. ಸಿಇಎ ಅನ್ನುವುದು ಕೆಲವು ಗೆಡ್ಡೆಗಳು ರಕ್ತಕ್ಕೆ ಬಿಡುವ ಪ್ರೊಟೀನು. ಎಲ್ಲ ಗೆಡ್ಡೆಯೂ ಬಿಡುವುದಿಲ್ಲ. ಆಮೇಲೆ ಹಳೇ ಫೈಲ್ ತೆಗೆದು ನೋಡಿದೆ. ಆಪರೇಷನ್‌ಗೆ ಮುಂಚೆ, ಗೆಡ್ಡೆ ಒಳಗೇ ಇದ್ದಾಗಲೂ 2.0! ಉರಿಯುವಾಗಲೇ ಹೊಗೆ ಬಿಡದ ಒಲೆ ಅದು, ನಾನು ಹೊಗೆ ಬರಲಿ ಅಂತ ಕಾಯುತ್ತಾ ಕೂತಿದ್ದೆ. ಮುಂಚೆ ಜಾಸ್ತಿ ಇದ್ದು ಆಪರೇಷನ್ ಆದ ಮೇಲೆ ಇಳಿದವರಲ್ಲೇ ಅದರ ಏರಿಳಿತಕ್ಕೆ ಹೆಚ್ಚು ಅರ್ಥ ಇರುತ್ತದೆ. ಬೇಗ ಸ್ಕ್ಯಾನ್ ಮಾಡಿಸಿದ್ದರೆ ಗುಣವೇ ಆಗುತ್ತಿತ್ತು ಅಂತ ಹೇಳುತ್ತಿಲ್ಲ. ಆದರೆ ಆಗ ಕೀಮೋ ತಡೆದುಕೊಳ್ಳುವ ಮೈ ಇತ್ತು.

ಸಿಎ 19-9 ಅನ್ನುವ ಇನ್ನೊಂದು ರಕ್ತಪರೀಕ್ಷೆ ಕೂಡ ಹಾಗೇ. ಕೆಲವರ ದೇಹ ಅದನ್ನು ಹುಟ್ಟಿನಿಂದಲೇ ತಯಾರಿಸುವುದಿಲ್ಲ, ಪಿತ್ತನಾಳ ಕಟ್ಟಿಕೊಂಡರೆ ಕ್ಯಾನ್ಸರ್ ಇಲ್ಲದಿದ್ದರೂ ಏರುತ್ತದೆ.

ಇನ್ನು ನ್ಯೂಟ್ರೋಫಿಲ್ ಸಂಖ್ಯೆಯನ್ನು ಲಿಂಫೋಸೈಟ್‌ನಿಂದ ಭಾಗಿಸಿ 6 ಬಂತು ಅಂತ ಗಾಬರಿಯಾಗಿದ್ದೀರಿ. ಅದು ಜಾಸ್ತಿ ಇದ್ದವರಿಗೆ ಸಾಮಾನ್ಯವಾಗಿ ಕಷ್ಟ ಜಾಸ್ತಿ, ನಿಜ. ಆದರೆ ಕೀಮೋ ಜೊತೆ ಕೊಡುವ ಡೆಕ್ಸಾಮೆಥಸೋನ್ ಅನ್ನುವ ಸ್ಟೆರಾಯ್ಡ್, ಬಿಳಿ ರಕ್ತಕಣ ಏರಿಸುವ ಇಂಜೆಕ್ಷನ್, ಸಣ್ಣದೊಂದು ಸೋಂಕು, ಇವೂ ಅದನ್ನು ಏರಿಸುತ್ತವೆ. ಕೀಮೋ ಆದ ನಾಲ್ಕನೇ ದಿನದ ಸಿಬಿಸಿ (ರಕ್ತಕಣಗಳ ಎಣಿಕೆ) ಹಿಡಿದು ಸುಮ್ನೆ ಲೆಕ್ಕ ಹಾಕಬೇಡಿ.

ವಾರಕ್ಕೊಮ್ಮೆ ಒಂದೇ ತಕ್ಕಡಿಯಲ್ಲಿ ತೂಕ ನೋಡಿ ಬರೆದಿಡಿ. ರಕ್ತದಲ್ಲಿರುವ ಆಲ್ಬುಮಿನ್ ಅನ್ನುವ ಪ್ರೊಟೀನು ಇಳಿಯುತ್ತಿದ್ದರೆ ಊಟದ ಬಗ್ಗೆ ಡಾಕ್ಟರ್ ಹತ್ತಿರ ಜಗಳವಾಡಿಯಾದರೂ ಕೇಳಿ. ಎಷ್ಟು ಲಿಂಫ್ ಗಂಟುಗಳಿಗೆ ಹರಡಿತ್ತು ಅಂತ ಆಪರೇಷನ್‌ನಲ್ಲಿ ತೆಗೆದ ಭಾಗದ ಬಯಾಪ್ಸಿ ವರದಿಯಲ್ಲಿ ಇರುತ್ತದೆ, ನಿಮ್ಮ ಪ್ರಶ್ನೆಗೆ ರಕ್ತಕ್ಕಿಂತ ಅದು ಹತ್ತಿರದ ಉತ್ತರ.

ಆಪರೇಷನ್‌ಗೆ ಮುಂಚಿನ ಸಿಇಎ ಎಷ್ಟಿತ್ತು? ಅದನ್ನು ಬರೆದೇ ಇಲ್ಲ ನೀವು. ಮೊದಲು ಆ ಫೈಲ್ ಹುಡುಕಿ.